ನರ್ಸ್ ಪ್ರಾಕ್ಟಿಷನರ್: ಕೋರ್ಸ್ ಇದೆ, ಕುರ್ಚಿ ಎಲ್ಲಿದೆ?

ಬಿಎಸ್ಸಿ ನರ್ಸಿಂಗ್ ಮುಗಿಸಿ ಐಸಿಯುನಲ್ಲಿ ಒಂದೆರಡು ವರ್ಷ ದುಡಿದವರು ಈಗೀಗ ಒಂದೇ ಪ್ರಶ್ನೆ ಹಿಡಿದು ಬರುತ್ತಾರೆ. ‘ಮಾಮೂಲಿ ಎಂಎಸ್ಸಿ ಮಾಡ್ಲೇನ್ರಿ, ನರ್ಸ್ ಪ್ರಾಕ್ಟಿಷನರ್ ಮಾಡ್ಲೇನ್ರಿ ಮೇಡಂ?’ ಬಾಗಲಕೋಟೆಯ ನವನಗರದಲ್ಲೂ ಇದೇ ಮಾತು, ಬೆಳಗಾವಿಯ ಹಾಸ್ಟೆಲ್‌ಗಳಲ್ಲೂ ಇದೇ ಮಾತು. ನನ್ನ ಉತ್ತರ ಸ್ವಲ್ಪ ಒರಟು. ಕಲಿಯೋಕೆ ನರ್ಸಿಂಗ್‌ನಲ್ಲಿ ಇದಕ್ಕಿಂತ ಒಳ್ಳೆ ಕೋರ್ಸ್ ಸಿಗೋದು ಕಷ್ಟ. ಆದರೆ ಕಲಿತು ಹೊರಬಂದವರನ್ನು ಕೂರಿಸೋಕೆ ನಮ್ಮ ಆಸ್ಪತ್ರೆಗಳಲ್ಲಿ ಕುರ್ಚಿಯೇ ಹಾಕಿಲ್ಲ. ಹುದ್ದೆ ಇಲ್ಲ, ಸಂಬಳದ ಶ್ರೇಣಿ ಇಲ್ಲ, ಬರೆದ ಔಷಧಿಗೆ ಕಾನೂನಿನ ಬೆಲೆ ಇಲ್ಲ. ಹಾಗಂತ ಆ ಕೆಲಸ ನಡೀತಿಲ್ಲ ಅಂತಲ್ಲ. ರಾತ್ರಿ ಪಾಳಿಯಲ್ಲಿ ದಿನಾ ನಡೀತಿದೆ, ಹೆಸರಿಲ್ಲದೆ.

ಮೊದಲು ಇವರು ಯಾರು ಅಂತ ಹೇಳಿಬಿಡ್ತೀನಿ, ಯಾಕಂದ್ರೆ ‘ಅರ್ಧ ಡಾಕ್ಟರ್’ ಅಂತ ತಿಳಿದವರೇ ಜಾಸ್ತಿ. ನರ್ಸ್ ಪ್ರಾಕ್ಟಿಷನರ್ ಅಂದರೆ ನರ್ಸೇ. ರೋಗಿಯ ಪಕ್ಕ ನಿಂತು ಪಳಗಿದ ನರ್ಸ್‌ಗೆ ದೇಹಪರೀಕ್ಷೆ, ಔಷಧಿಗಳ ಗುಣ, ರೋಗ ದೇಹದೊಳಗೆ ಹೇಗೆ ಬೆಳೆಯುತ್ತದೆ ಅನ್ನೋದು ಇದನ್ನೆಲ್ಲ ಇನ್ನೊಂದು ಹಂತ ಮೇಲಕ್ಕೆ ಕಲಿಸಿ, ಒಂದು ಗೆರೆಯೊಳಗೆ ತಾನೇ ನಿರ್ಧಾರ ತೆಗೆದುಕೊಳ್ಳಲು ಬಿಡುವುದು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರ್ ಸೇರಿ ಇದನ್ನು ಶುರು ಮಾಡಿದರು. ಈಗ ಅಲ್ಲಿನ ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಇವರು ಡಾಕ್ಟರ್ ಸಹಿ ಇಲ್ಲದೆಯೇ ರೋಗಿ ನೋಡಬಹುದು, ಔಷಧಿ ಬರೆಯಬಹುದು. ಬ್ರಿಟನ್‌ನಲ್ಲಿ 2006ರಿಂದ, ಅದಕ್ಕೆಂದೇ ತರಬೇತಿ ಪಡೆದ ನರ್ಸ್‌ಗಳು ತಮಗೆ ಪಳಗಿದ ಕ್ಷೇತ್ರದೊಳಗೆ ಹೆಚ್ಚುಕಡಿಮೆ ಎಲ್ಲ ಔಷಧಿ ಬರೆಯುತ್ತಾರೆ. 2017ರಲ್ಲಿ ಇಂಗ್ಲೆಂಡ್ ಈ ‘ಅಡ್ವಾನ್ಸ್‌ಡ್ ಪ್ರಾಕ್ಟಿಷನರ್’ ಕೆಲಸಕ್ಕೆ ಒಂದು ಚೌಕಟ್ಟು ಹಾಕಿ ನಾಲ್ಕು ಭಾಗ ಮಾಡಿತು: ಚಿಕಿತ್ಸೆ, ಮುಂದಾಳುತನ, ಕಲಿಸುವುದು, ಸಂಶೋಧನೆ. ಎಂಎಸ್ಸಿ ಮಟ್ಟದ ಓದು ಬೇಕೇ ಬೇಕು ಅಂತ ಹೇಳಿತು. ತಮಾಷೆ ಅಂದ್ರೆ ಅಲ್ಲೂ ಆ ಹೆಸರಿಗೆ ಕಾನೂನಿನ ರಕ್ಷಣೆ ಇಲ್ಲದೆ ವರ್ಷಗಟ್ಟಲೆ ನಡೆದುಬಂದಿದೆ. ಆದರೆ ಔಷಧಿ ಬರೆಯುವ ಹಕ್ಕು ಮತ್ತು ಸಂಬಳದ ಪಟ್ಟಿ ಎರಡೂ ಗಟ್ಟಿಯಾಗಿ ಇದ್ದವು, ಹಾಗಾಗಿ ಗಾಡಿ ಓಡಿತು.

ನಮ್ಮಲ್ಲಿ? 2016-17ರ ಹೊತ್ತಿಗೆ ಭಾರತೀಯ ನರ್ಸಿಂಗ್ ಪರಿಷತ್ತು ‘ನರ್ಸ್ ಪ್ರಾಕ್ಟಿಷನರ್ ಇನ್ ಕ್ರಿಟಿಕಲ್ ಕೇರ್’ ಎಂಬ ಸ್ನಾತಕೋತ್ತರ ಕೋರ್ಸ್ ತಂದಿತು. ಎಲ್ಲರೂ ಎನ್‌ಪಿಸಿಸಿ ಅಂತಾರೆ. ಎರಡು ವರ್ಷ. ಬಿಎಸ್ಸಿ ನರ್ಸಿಂಗ್ ಆಗಿರಬೇಕು, ಕನಿಷ್ಠ ಒಂದು ವರ್ಷ ಆಸ್ಪತ್ರೆಯಲ್ಲಿ, ಆದಷ್ಟು ಐಸಿಯುನಲ್ಲಿ, ಕೆಲಸ ಮಾಡಿರಬೇಕು. 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲೂ ನರ್ಸ್ ಪ್ರಾಕ್ಟಿಷನರ್ ಎಂಬ ಮಾತು ಬಂತು. ಹೆರಿಗೆ ವಿಭಾಗಕ್ಕೆ 2018ರ ಕೊನೆಯಲ್ಲಿ ಕೇಂದ್ರ ಸರ್ಕಾರ ಬೇರೆಯದೇ ಮಾರ್ಗಸೂಚಿ ಹೊರಡಿಸಿ, 18 ತಿಂಗಳ ‘ನರ್ಸ್ ಪ್ರಾಕ್ಟಿಷನರ್ ಇನ್ ಮಿಡ್‌ವೈಫರಿ’ ತರಬೇತಿ ಹೇಳಿತು. ಕಾಗದದ ಮೇಲೆ ಎಲ್ಲ ಸರಿಯಾಗಿದೆ, ಅಲ್ವಾ?

ಓದಿನ ಬಗ್ಗೆ ನನ್ನದು ಹೊಗಳಿಕೆಯೇ. ಮಾಮೂಲಿ ಎಂಎಸ್ಸಿ ನರ್ಸಿಂಗ್ ಮಾಡಿದವರಿಗೆ ಗೊತ್ತು, ಎರಡು ವರ್ಷದಲ್ಲಿ ಬಹಳ ಹೊತ್ತು ಹೋಗುವುದು ಲೆಸನ್ ಪ್ಲಾನ್ ಬರೆಯೋದರಲ್ಲಿ, ಚಾರ್ಟ್ ಮಾಡೋದರಲ್ಲಿ, ಪ್ರಾಕ್ಟೀಸ್ ಟೀಚಿಂಗ್‌ನಲ್ಲಿ. ಮುಗಿಸಿದ ಮೇಲೆ ಸೀದಾ ಕಾಲೇಜಿಗೆ ಪಾಠ ಮಾಡೋಕೆ. ಅಂದರೆ ಚೆನ್ನಾಗಿ ಓದಿದ ನರ್ಸ್ ರೋಗಿಯಿಂದ ದೂರ ಹೋಗ್ತಾ ಹೋಗ್ತಾರೆ. ಎನ್‌ಪಿಸಿಸಿ ಇದನ್ನು ತಿರುಗಿಸಿ ಹಾಕಿತು. ಇದು ರೆಸಿಡೆನ್ಸಿ. ಕ್ಲಾಸ್‌ರೂಮ್ ಪಾಠಕ್ಕೆ ಸಣ್ಣ ಪಾಲು, ಉಳಿದದ್ದೆಲ್ಲ ಐಸಿಯುನಲ್ಲೇ, ನೈಟ್ ಡ್ಯೂಟಿ ಸಮೇತ. ಮೊದಲ ವರ್ಷ ಔಷಧಶಾಸ್ತ್ರ, ರೋಗಶರೀರಶಾಸ್ತ್ರ, ದೇಹಪರೀಕ್ಷೆ ಮೂರೂ ‘ಅಡ್ವಾನ್ಸ್‌ಡ್’ ಮಟ್ಟದಲ್ಲಿ. ಜೊತೆಗೆ ಸಂಶೋಧನೆಯನ್ನು ಹಾಸಿಗೆ ಪಕ್ಕದ ಕೆಲಸಕ್ಕೆ ಹಚ್ಚುವುದು ಹೇಗೆ ಅನ್ನೋದು. ಆಮೇಲೆ ಕ್ರಿಟಿಕಲ್ ಕೇರ್. ರಕ್ತದಲ್ಲಿನ ಆಮ್ಲಜನಕ, ಆಮ್ಲೀಯತೆ ತೋರಿಸುವ ಎಬಿಜಿ ರಿಪೋರ್ಟ್ ಓದಿ ವೆಂಟಿಲೇಟರ್‌ನಲ್ಲಿ ಏನು ಬದಲಿಸಬೇಕು, ಯಾಕೆ ಬದಲಿಸಬೇಕು ಅಂತ ಬಾಯಿಬಿಟ್ಟು ಹೇಳಬೇಕು. ‘ಡಾಕ್ಟರ್ ಹೇಳಿದ್ರು’ ಅನ್ನೋ ಉತ್ತರ ಇಲ್ಲಿ ನಡೆಯಲ್ಲ. ಲಾಗ್ ಬುಕ್‌ನಲ್ಲಿ ಒಂದೊಂದು ಕೆಲಸಕ್ಕೂ ಸಹಿ. ಕಲಿಸೋಕೆ ನರ್ಸ್ ಪ್ರಿಸೆಪ್ಟರ್ ಒಬ್ಬರು, ಡಾಕ್ಟರ್ ಪ್ರಿಸೆಪ್ಟರ್ ಒಬ್ಬರು.

ಈಗ ನಮ್ಮ ಜಿಲ್ಲೆಗಳ ಐಸಿಯು ಒಳಗೆ ಬನ್ನಿ.

ವಿಜಯಪುರ ಅಂದರೆ ದ್ರಾಕ್ಷಿ, ದಾಳಿಂಬೆ. ಬಾಗಲಕೋಟೆ, ಬೆಳಗಾವಿ ಅಂದರೆ ಕಬ್ಬು. ಇಲ್ಲಿ ಕೀಟನಾಶಕಕ್ಕೆ ಜನ ‘ಎಣ್ಣಿ’ ಅಂತಾರೆ. ‘ಎಣ್ಣಿ ಒಳಗ ಹೋಗೇದ್ರಿ’ ಅಂತ ಹೇಳಿಕೊಂಡು ಟಾಟಾ ಏಸ್‌ನಲ್ಲೋ ಬೊಲೆರೊದಲ್ಲೋ ಕರ್ಕೊಂಡು ಬರೋ ರೋಗಿ ನಮ್ಮ ಕಡೆಯ ಐಸಿಯುಗಳಿಗೆ ಹೊಸಬರಲ್ಲ. ಕೆಲವರು ಹೊಡೆಯುವಾಗ ಮೈಗೆ ಹತ್ತಿಸಿಕೊಂಡವರು, ಕೆಲವರು ಬೇರೆ ಕಾರಣಕ್ಕೆ. ಆರ್ಗನೋಫಾಸ್ಫೇಟ್ ಜಾತಿಯ ವಿಷವಾದರೆ ಬಾಯಿ, ಶ್ವಾಸಕೋಶ ಎಲ್ಲ ನೀರು ತುಂಬಿಕೊಳ್ಳುತ್ತೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತೆ, ನಾಡಿ ಇಳಿಯುತ್ತೆ. ಮದ್ದು ಅಟ್ರೋಪಿನ್. ಇಡೀ ಕಥೆ ಇರೋದು ಈ ಅಟ್ರೋಪಿನ್ ಕೊಡುವ ರೀತಿಯಲ್ಲಿ. ಇದಕ್ಕೆ ‘ದಿನಕ್ಕೆ ಮೂರು ಸಲ’ ಅಂತ ಚೀಟಿ ಬರೆಯೋಕಾಗಲ್ಲ. ಮೊದಲ ಡೋಸ್ ಕೊಟ್ಟು ಐದು ನಿಮಿಷ ನೋಡಬೇಕು. ಎದೆಗೆ ಸ್ಟೆತ್ ಇಟ್ಟು ಗೊರಗೊರ ಸದ್ದು ಹೋಯಿತಾ, ಕಂಕುಳ ಒಣಗಿತಾ, ನಾಡಿ 80 ದಾಟಿತಾ, ಬಿಪಿ ಏರಿತಾ ನೋಡಿ, ಇಲ್ಲ ಅಂದರೆ ಡೋಸ್ ಎರಡು ಪಟ್ಟು. ಮತ್ತೆ ಐದು ನಿಮಿಷ. ಮತ್ತೆ ಎರಡು ಪಟ್ಟು. 0.6 ಮಿಲಿಗ್ರಾಂನ ಆ ಪುಟಾಣಿ ಆಂಪೂಲ್ ಒಡೆದೂ ಒಡೆದೂ ಬೆರಳಿಗೆ ಗಾಜು ಚುಚ್ಚುತ್ತೆ, ಟ್ರೇ ತುಂಬ ಒಡೆದ ಮೂತಿಗಳು. ಎದೆ ಒಣಗಿದ ಮೇಲೆ, ಅಲ್ಲಿಯವರೆಗೆ ಕೊಟ್ಟ ಒಟ್ಟು ಡೋಸ್‌ನ 10ರಿಂದ 20 ಶೇಕಡದಷ್ಟನ್ನು ಗಂಟೆಗೆ ಹೋಗುವ ಹಾಗೆ ಇನ್ಫ್ಯೂಷನ್, ಅಂದರೆ ಪಂಪ್‌ನಿಂದ ಬಿಡದೆ ಹನಿಸುವುದು, ಹಾಕಬೇಕು. ಅಲ್ಲಿಗೆ ಮುಗೀತಾ? ಇಲ್ಲ. ಜಾಸ್ತಿಯಾದರೆ ರೋಗಿ ಬಡಬಡಿಸೋಕೆ ಶುರು ಮಾಡ್ತಾನೆ, ಜ್ವರ ಏರುತ್ತೆ, ಹೊಟ್ಟೆಯ ಸದ್ದು ನಿಲ್ಲುತ್ತೆ. ಆಗ ಇನ್ಫ್ಯೂಷನ್ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು, ಕಡಿಮೆ ಮಾಡಿ ಮತ್ತೆ ಶುರು ಮಾಡಬೇಕು.

ಇದನ್ನು ರಾತ್ರಿಯಿಡೀ ಮಾಡೋದು ಯಾರು ಅಂತೀರಿ? ಸಂಜೆ ರೌಂಡ್ಸ್ ಮುಗಿಸಿ ಹೋದ ಕನ್ಸಲ್ಟೆಂಟ್ ಅಲ್ಲ. ಮೂರು ವಾರ್ಡ್ ನೋಡುವ ಡ್ಯೂಟಿ ಡಾಕ್ಟರ್ ಹೆಚ್ಚೆಂದರೆ ಒಂದೆರಡು ಸಲ ಬಂದು ಹೋಗಬಹುದು. ಪಕ್ಕದಲ್ಲಿ ನಿಂತು ಪಾಪೆ ನೋಡಿ, ಎದೆ ಕೇಳಿ, ಪಂಪ್‌ನ ಅಂಕಿ ಬದಲಿಸೋದು ಸಿಸ್ಟರ್ ಅಥವಾ ಬ್ರದರ್. ಫೋನ್ ಮಾಡಿ ‘ಸರ್, ಎದಿ ಒಣಗೇದ್ರಿ, ಮಾತು ತೊದಲಾಕತ್ತೇದ್ರಿ, ಕಡಿಮಿ ಮಾಡ್ಲೇನ್ರಿ?’ ಅಂತ ಕೇಳ್ತಾರೆ. ಆ ಕಡೆಯಿಂದ ನಿದ್ದೆಗಣ್ಣಲ್ಲಿ ‘ಹೂಂ, ಮಾಡ್ರಿ’. ಕೇಸ್ ಶೀಟ್‌ನಲ್ಲಿ ಬೆಳಿಗ್ಗೆ ಡಾಕ್ಟರ್ ಸಹಿ ಬೀಳುತ್ತೆ. ಈ ಪ್ರಶ್ನೆಯನ್ನೇ ಗಮನಿಸಿ ನೋಡಿ. ಅದರಲ್ಲಿ ಪರೀಕ್ಷೆ ಇದೆ, ರೋಗನಿರ್ಣಯ ಇದೆ, ಚಿಕಿತ್ಸೆಯ ಸಲಹೆಯೂ ಇದೆ. ಹೂಂ ಅನ್ನುವುದಷ್ಟೇ ಇನ್ನೊಬ್ಬರದು. ಐದು ವರ್ಷದ ಅನುಭವ ಇರುವ ಸಿಸ್ಟರ್ ಫೋನ್ ಮಾಡಿದರೆ ಇದು ಸರಿಯಾಗಿ ನಡೆಯುತ್ತೆ. ಐದು ತಿಂಗಳ ಹಿಂದೆ ಸೇರಿದ ಹುಡುಗಿಯ ಪಾಳಿಯಾದರೆ? ಅಲ್ಲೇ ತರಬೇತಿಯ ಬೆಲೆ ಗೊತ್ತಾಗೋದು.

ಹಾವು ಕಡಿತವೂ ಇದೇ ಥರ. ಒಣಗಿದ ಗಾಜಿನ ಟೆಸ್ಟ್‌ಟ್ಯೂಬಿಗೆ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಬಾಗಿಸಿ ಹೆಪ್ಪುಗಟ್ಟಿದೆಯಾ ನೋಡುವ ಪರೀಕ್ಷೆ ಮಾಡೋದು ನರ್ಸ್. ವಿಷಹಾರಿ ಔಷಧಿ ಹನಿಸುವಾಗ ಮೈಮೇಲೆ ಗಂದೆ ಎದ್ದು, ಉಸಿರು ಕಟ್ಟೋಕೆ ಶುರುವಾದರೆ ಅಡ್ರಿನಲಿನ್ ಅನ್ನು ಆ ಕ್ಷಣವೇ ತೊಡೆಗೆ ಚುಚ್ಚಬೇಕು. ಯಾರನ್ನಾದರೂ ಕೇಳಿಕೊಂಡು ಬರುವಷ್ಟು ಹೊತ್ತು ಇರಲ್ಲ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಮಾಡಿತು, ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು. ಒಳ್ಳೇದು. ಆದರೆ ಆ ಅಡ್ರಿನಲಿನ್ ಯಾರು, ಯಾರ ಅನುಮತಿಯಿಂದ ಕೊಡಬೇಕು ಅನ್ನೋದು ಬರಹದಲ್ಲಿ ಇರುವ ತಾಲ್ಲೂಕು ಆಸ್ಪತ್ರೆಗಳು ಎಷ್ಟು? ಇಂಡಿಯಲ್ಲೋ ಅಥಣಿಯಲ್ಲೋ ಹುನಗುಂದದಲ್ಲೋ ರಾತ್ರಿ ಹೋಗಿ ಗೋಡೆ ನೋಡಿ, ಕೈ ತೊಳೆಯುವ ವಿಧಾನದ ಪೋಸ್ಟರ್ ಸಿಗಬಹುದು.

‘ನರ್ಸ್ ಕೈಗೆ ಔಷಧಿ ನಿರ್ಧಾರ ಕೊಟ್ಟರೆ ಅನಾಹುತ’ ಅನ್ನುವವರಿಗೆ ಒಂದು ಹಳೆಯ ಲೆಕ್ಕ ತೋರಿಸ್ತೀನಿ. ಅದು ದೂರದ್ದಲ್ಲ, ಬೆಳಗಾವಿ ಜಿಲ್ಲೆಯದ್ದೇ. 2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್‌ವರೆಗೆ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಅಮೆರಿಕದ ಸಂಶೋಧಕರ ಜೊತೆ ಸೇರಿ ಇಲ್ಲಿನ ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿದರು. ಹೆರಿಗೆಯಾದ ಮೇಲೆ ರಕ್ತಸ್ರಾವ ಆಗಿ ಬಾಣಂತಿ ಸಾಯುವುದನ್ನು ತಡೆಯೋದು ಹೇಗೆ ಅನ್ನೋದು ಪ್ರಶ್ನೆ. ಆಸ್ಪತ್ರೆಯಲ್ಲಾದರೆ ಆಕ್ಸಿಟೋಸಿನ್ ಇಂಜೆಕ್ಷನ್ ಇದೆ, ಆದರೆ ಅದಕ್ಕೆ ಫ್ರಿಜ್ ಬೇಕು, ಸೂಜಿ ಬೇಕು. ಆಗ ಮನೆಯಲ್ಲಿ, ಉಪಕೇಂದ್ರದಲ್ಲಿ ಹೆರಿಗೆ ಸಾಮಾನ್ಯವಾಗಿತ್ತು. ಮಿಸೊಪ್ರೊಸ್ಟಾಲ್ ಅಂತ ಒಂದು ಮಾತ್ರೆ ಇತ್ತು, ಬಾಯಲ್ಲಿ ನುಂಗುವಂಥದ್ದು, ಬಿಸಿಲಿಗೆ ಹೆದರದ್ದು. ಅದನ್ನು ಕೊಡೋದು ಯಾರು? ಡಾಕ್ಟರ್ ಅಲ್ಲ. ಎಎನ್‌ಎಂ. ನಮ್ಮ ಹಳ್ಳಿಗಳ ‘ನರ್ಸಬಾಯಿ’.

1,620 ಬಾಣಂತಿಯರು. ಅರ್ಧದಷ್ಟು ಮಂದಿಗೆ ನಿಜವಾದ ಮಾತ್ರೆ, ಉಳಿದವರಿಗೆ ಹಾಗೇ ಕಾಣುವ ಔಷಧಿಯಿಲ್ಲದ ಮಾತ್ರೆ. ರಕ್ತ ಎಷ್ಟು ಹೋಯಿತು ಅಂತ ಕಣ್ಣಂದಾಜಿಗೆ ಬಿಡದೆ, ಅಳತೆ ಗೆರೆ ಹಾಕಿದ ಚೀಲದಂಥ ಪ್ಲಾಸ್ಟಿಕ್ ಹಾಳೆಯೊಂದನ್ನು ಬಾಣಂತಿಯ ಕೆಳಗೆ ಹಾಸಿ ಅಳೆದರು. ಅರ್ಧ ಲೀಟರ್ ದಾಟಿದರೆ ಅದು ರಕ್ತಸ್ರಾವ. ಬಂದ ಫಲಿತಾಂಶ: ಔಷಧಿಯಿಲ್ಲದ ಗುಂಪಿನಲ್ಲಿ ಶೇಕಡ 12ರಷ್ಟು ಹೆಂಗಸರಿಗೆ ರಕ್ತಸ್ರಾವ, ಮಿಸೊಪ್ರೊಸ್ಟಾಲ್ ಪಡೆದವರಲ್ಲಿ ಶೇಕಡ 6.4. ಒಂದು ಲೀಟರ್ ದಾಟುವ ಗಂಭೀರ ರಕ್ತಸ್ರಾವ 1.2ರಿಂದ 0.2ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿ ರಕ್ತಸ್ರಾವ ತಡೆಯುವ ಬಳಕೆಗೆ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಆ ವಾದದಲ್ಲಿ ಬೆಳಗಾವಿಯ ಹಳ್ಳಿಗಳ ಈ ಲೆಕ್ಕದ ತೂಕ ಸಣ್ಣದೇನಲ್ಲ. ನಮ್ಮ ಕಡೆಯವರಿಗೇ ಇದು ಗೊತ್ತಿಲ್ಲ ಅನ್ನೋದು ಬೇಸರದ ಮಾತು.

ಆದರೆ ಈ ಪ್ರಯೋಗವನ್ನು ‘ನೋಡಿ, ನರ್ಸ್‌ಗೆ ಎಲ್ಲ ಬಿಟ್ಟುಕೊಡಿ’ ಅಂತ ಓದಿದರೆ ತಪ್ಪಾಗುತ್ತೆ. ಅಲ್ಲಿ ಕೊಟ್ಟದ್ದು ಒಂದು ಔಷಧಿ, ಒಂದು ಡೋಸ್, ಒಂದೇ ಸಂದರ್ಭ. ಅದಕ್ಕೆ ಮೊದಲು ತರಬೇತಿ. ಕೊಟ್ಟ ಮೇಲೆ ಅಳತೆ. ಗೆರೆ ಸ್ಪಷ್ಟವಾಗಿತ್ತು, ಗೆರೆಯೊಳಗೆ ಎಎನ್‌ಎಂ ಯಾರನ್ನೂ ಕೇಳಬೇಕಿರಲಿಲ್ಲ. ಆಸ್ಪತ್ರೆ ಭಾಷೆಯಲ್ಲಿ ಇದಕ್ಕೇ ಸ್ಟ್ಯಾಂಡಿಂಗ್ ಆರ್ಡರ್ ಅನ್ನೋದು. ನರ್ಸ್ ಪ್ರಾಕ್ಟಿಷನರ್ ಬಗ್ಗೆ ನಮ್ಮಲ್ಲಿ ನಡೆಯುವ ಜಗಳವೆಲ್ಲ ‘ಹಕ್ಕು ಕೊಡಬೇಕಾ ಬೇಡವಾ’ ಅನ್ನೋದರ ಸುತ್ತ ಗಿರಕಿ ಹೊಡೀತಿದೆ. ಯಾವ ಔಷಧಿ, ಯಾವ ಡೋಸ್, ಯಾವ ಲಕ್ಷಣ ಕಂಡಾಗ, ಎಲ್ಲಿಗೆ ನಿಲ್ಲಿಸಬೇಕು ಅಂತ ಬರೆಯೋ ಬೇಸರದ ಕೆಲಸ ಯಾರಿಗೂ ಬೇಕಾಗಿಲ್ಲ.

ಕಾನೂನು ಈಗ ಏನು ಹೇಳುತ್ತೆ? 1945ರ ಔಷಧ ನಿಯಮಗಳ ಪ್ರಕಾರ ಶೆಡ್ಯೂಲ್ ಎಚ್ ಔಷಧಿಗಳಿಗೆ ನೋಂದಾಯಿತ ವೈದ್ಯರ ಚೀಟಿ ಬೇಕು. ನರ್ಸ್ ಎಷ್ಟೇ ಓದಿರಲಿ, ಆ ಚೀಟಿ ಬರೆಯಬಹುದಾದವರಲ್ಲಿ ಇಲ್ಲ. ಕುತೂಹಲದ ವಿಷಯ ಅಂದರೆ ಅದೇ ನಿಯಮಗಳ ಶೆಡ್ಯೂಲ್ ಕೆ ಒಳಗೆ ಒಂದು ವಿನಾಯಿತಿ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರಗಳ ನರ್ಸ್, ಎಎನ್‌ಎಂ, ಆರೋಗ್ಯ ಕಾರ್ಯಕರ್ತರು ಔಷಧಿ ಕೊಡುವುದಕ್ಕೆ ಅಲ್ಲಿ ದಾರಿ ಮಾಡಿದ್ದಾರೆ. ಅಂದರೆ ಹಳ್ಳಿಯ ಉಪಕೇಂದ್ರದಲ್ಲಿ ಒಬ್ಬಳೇ ಇರುವ ಎಎನ್‌ಎಂಗೆ ದಾರಿ ಇದೆ. ಎರಡು ವರ್ಷ ಐಸಿಯು ರೆಸಿಡೆನ್ಸಿ ಮುಗಿಸಿ, ಪಕ್ಕದ ರೂಮಿನಲ್ಲೇ ಡಾಕ್ಟರ್ ಇರುವ ನರ್ಸ್ ಪ್ರಾಕ್ಟಿಷನರ್‌ಗೆ ಇಲ್ಲ! ಎನ್‌ಪಿಸಿಸಿ ಪಠ್ಯಕ್ರಮ ಇದಕ್ಕೆ ಒಂದು ಹಾದಿ ಹುಡುಕಿದೆ. ಆಸ್ಪತ್ರೆ ಒಪ್ಪಿದ ಸ್ಟ್ಯಾಂಡಿಂಗ್ ಆರ್ಡರ್ ಪ್ರಕಾರ ಅವರು ಔಷಧಿ ಕೊಡಬಹುದು, 24 ಗಂಟೆಯೊಳಗೆ ಡಾಕ್ಟರ್ ಸಹಿ ಹಾಕಬೇಕು. ಸರಿಯಾದ ಯೋಚನೆ. ಆದರೆ ಅದು ಪಠ್ಯಕ್ರಮದಲ್ಲಿರುವ ಮಾತು, ಕಾಯಿದೆಯಲ್ಲಿರುವ ಮಾತಲ್ಲ. ಕೋರ್ಟಿನಲ್ಲಿ ವಕೀಲರು ಕೇಳುವುದು ಕಾಯಿದೆಯನ್ನು.

ಕೋರ್ಟ್ ಮಾತು ಬಂತು, ಇನ್ನೊಂದು ಹೇಳಲೇಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಪ್ರಕಾರ ನಿರ್ಲಕ್ಷ್ಯದಿಂದ ಸಾವಾದರೆ ಐದು ವರ್ಷದವರೆಗೆ ಶಿಕ್ಷೆ. ಚಿಕಿತ್ಸೆ ಮಾಡುವಾಗ ನೋಂದಾಯಿತ ವೈದ್ಯರಿಂದ ಹೀಗಾದರೆ ಎರಡು ವರ್ಷದವರೆಗೆ. ನೋಂದಾಯಿತ ವೈದ್ಯರು ಯಾರು ಅಂತಲೂ ಅಲ್ಲೇ ವಿವರಿಸಿದ್ದಾರೆ: ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆ ಒಪ್ಪುವ ಪದವಿ ಇರುವವರು, ವೈದ್ಯರ ರಿಜಿಸ್ಟರ್‌ನಲ್ಲಿ ಹೆಸರಿರುವವರು. ನರ್ಸ್ ಅದರಲ್ಲಿ ಬರಲ್ಲ. ಒಂದೇ ಹಾಸಿಗೆ, ಒಂದೇ ಇನ್ಫ್ಯೂಷನ್, ಒಂದೇ ತಪ್ಪು. ಡಾಕ್ಟರ್‌ಗೆ ಎರಡು ವರ್ಷದ ಮಿತಿ, ನರ್ಸ್‌ಗೆ ಐದು. ಆ ಫೋನಿನ ‘ಹೂಂ, ಮಾಡ್ರಿ’ ಬೆಳಿಗ್ಗೆ ಕೇಸ್ ಶೀಟ್‌ನಲ್ಲಿ ಬರದೇ ಹೋದರೆ ಏನಾಗುತ್ತೆ ಅಂತ ನೀವೇ ಯೋಚಿಸಿ. ನಾನು ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳೋದು ಇದನ್ನೇ. ಫೋನ್ ಆರ್ಡರ್ ಬಂದ ಟೈಮ್ ಬರೆಯಿರಿ, ಡಾಕ್ಟರ್ ಹೆಸರು ಬರೆಯಿರಿ, ಪಕ್ಕದ ಸ್ಟಾಫ್‌ಗೂ ಕೇಳಿಸಿ.

ಈಗ ಕುರ್ಚಿಯ ವಿಷಯ. ಕೋರ್ಸ್ ತರುವುದು ಪರಿಷತ್ತು. ಹುದ್ದೆ ಸೃಷ್ಟಿಸುವುದು ಸರ್ಕಾರ, ಅದೂ ವೃಂದ ಮತ್ತು ನೇಮಕಾತಿ ನಿಯಮದಲ್ಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿ ಇದ್ದಾರೆ, ಹಿರಿಯ ಶುಶ್ರೂಷಾಧಿಕಾರಿ ಇದ್ದಾರೆ. ಬಡ್ತಿ ಸಿಗೋದು ಸೇವಾ ಹಿರಿತನದ ಮೇಲೆ, ಮತ್ತು ಬಡ್ತಿ ಸಿಕ್ಕಷ್ಟೂ ರೋಗಿಯಿಂದ ದೂರ. ಇಂಡೆಂಟ್ ಬರೆಯೋದು, ಡ್ಯೂಟಿ ಚಾರ್ಟ್ ಹಾಕೋದು, ಸ್ಟಾಕ್ ಲೆಕ್ಕ ನೋಡೋದು. ಐಸಿಯು ಚೆನ್ನಾಗಿ ಬಲ್ಲವರು ಕೊನೆಗೆ ಬೆಡ್‌ಶೀಟ್ ಎಣಿಸ್ತಾ ಕೂರೋ ವ್ಯವಸ್ಥೆ ಇದು. ಖಾಸಗಿಯಲ್ಲಿ ಕಥೆ ಬೇರೆ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರದ ತಜ್ಞರ ಸಮಿತಿ, 50 ಹಾಸಿಗೆಗಿಂತ ಕಡಿಮೆ ಇರುವ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ, 200 ಹಾಸಿಗೆ ದಾಟಿದರೆ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ ಅಂತ ಶಿಫಾರಸು ಮಾಡಿತು. ಆ ಕಾಗದ ಹಿಡಿದು ನಮ್ಮ ಕಡೆಯ ಸಣ್ಣ ನರ್ಸಿಂಗ್ ಹೋಮ್‌ಗೆ ಹೋಗಿ ಕೇಳಿ, ಚಹಾ ಕುಡಿಸಿ ಕಳಿಸ್ತಾರೆ. ಮಾಮೂಲಿ ನರ್ಸ್‌ಗೇ ಹೀಗಿರುವಾಗ ಪ್ರಾಕ್ಟಿಷನರ್‌ಗೆ ಹೆಚ್ಚು ಕೊಡಿ ಅಂದರೆ ಕೊಡ್ತಾರಾ? ಹಾಗಾಗಿ ಓದಿದವರು ಜರ್ಮನಿ ಭಾಷೆ ಕಲಿಯೋ ಕ್ಲಾಸಿಗೆ ಸೇರ್ತಾರೆ, ವಿದೇಶಕ್ಕೆ ಹೋಗೋಕೆ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಬರೀತಾರೆ, ಇಲ್ಲವಾದರೆ ಮತ್ತೆ ಅದೇ ಕಾಲೇಜಿನ ಪಾಠಕ್ಕೆ ಬರ್ತಾರೆ. ನಾನು ಇವರನ್ನು ದೂರಲ್ಲ.

ಹುದ್ದೆ ಮೊದಲು ಇಟ್ಟರೆ ಏನಾಗುತ್ತೆ ಅನ್ನೋದಕ್ಕೆ ಉದಾಹರಣೆ ನಮ್ಮ ಕಣ್ಣೆದುರೇ ಇದೆ. ಸಮುದಾಯ ಆರೋಗ್ಯ ಅಧಿಕಾರಿ, ಎಲ್ಲರ ಬಾಯಲ್ಲಿ ಸಿಎಚ್‌ಒ. 2018ರಲ್ಲಿ ಆಯುಷ್ಮಾನ್ ಭಾರತ್ ಬಂದಾಗ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರ ಮಾಡಿದರು. ಮೊದಲನೆಯದನ್ನು ಆ ವರ್ಷದ ಏಪ್ರಿಲ್ 14ರಂದು ಬಿಜಾಪುರ ಜಿಲ್ಲೆಯ ಜಾಂಗ್ಲಾದಲ್ಲಿ ಶುರು ಮಾಡಿದರು. ನಮ್ಮ ಬಿಜಾಪುರ ಅಲ್ಲ, ಛತ್ತೀಸ್‌ಗಢದ್ದು. ಸಿಎಚ್‌ಒಗಳಲ್ಲಿ ಬಹುಪಾಲು ನರ್ಸಿಂಗ್ ಓದಿದವರು. ಹುದ್ದೆ ಇತ್ತು, ಕೂರೋಕೆ ಕೇಂದ್ರ ಇತ್ತು, ಔಷಧಿ ಪಟ್ಟಿ ಇತ್ತು, ಅದಕ್ಕೆ ತಕ್ಕ ಆರು ತಿಂಗಳ ತರಬೇತಿ ಮಾಡಿದರು, ಆಮೇಲೆ ಬಿಎಸ್ಸಿ ಪಾಠದಲ್ಲೇ ಸೇರಿಸಿದರು. ಗುತ್ತಿಗೆ ನೌಕರಿ, ಸಂಬಳ ತಡ, ಆ್ಯಪ್‌ಗಳಿಗೆ ಡೇಟಾ ತುಂಬೋದೇ ಅರ್ಧ ಕೆಲಸ, ಗೋಳು ಸಾಕಷ್ಟಿದೆ. ಆದರೂ ಇವತ್ತು ಸಿಂದಗಿ ಕಡೆಯ ಹಳ್ಳಿಯಲ್ಲಿ ಬಿಪಿ, ಶುಗರ್ ನೋಡಿಸೋಕೆ ಅಜ್ಜಿ ಬಸ್ ಹತ್ತಬೇಕಿಲ್ಲ. ಎನ್‌ಪಿಸಿಸಿಯಲ್ಲಿ ಆದದ್ದು ಉಲ್ಟಾ.

ಡಾಕ್ಟರುಗಳ ಆತಂಕವನ್ನೂ ಹೇಳಬೇಕು, ಅದರಲ್ಲಿ ಹುರುಳಿದೆ. ‘ಡಾಕ್ಟರ್ ಬದಲು ಅಗ್ಗದ ಆಳು ಇಟ್ಟುಕೊಳ್ತಾರೆ’ ಅನ್ನೋದು ಅವರ ಮಾತು. ಖಾಸಗಿ ಆಸ್ಪತ್ರೆ ನಡೆಸುವವರನ್ನು ಬಲ್ಲ ನಾನು ಇದನ್ನು ತಳ್ಳಿಹಾಕಲಾರೆ. ಬ್ರಿಟನ್‌ನಲ್ಲಿ ಫಿಸಿಷಿಯನ್ ಅಸೋಸಿಯೇಟ್ ಅನ್ನುವವರ, ಅಂದರೆ ಡಾಕ್ಟರ್ ಅಲ್ಲದೆಯೂ ಡಾಕ್ಟರ್ ಕೈಕೆಳಗೆ ರೋಗಿ ನೋಡುವವರ ವಿಷಯದಲ್ಲಿ ದೊಡ್ಡ ರಂಪವಾಯಿತು. ರೋಗಿಗಳಿಗೆ ತಾವು ಡಾಕ್ಟರ್ ಹತ್ತಿರ ಹೋಗಿಲ್ಲ ಅನ್ನೋದೇ ಗೊತ್ತಾಗ್ತಿರಲಿಲ್ಲ. 2025ರ ಜುಲೈನಲ್ಲಿ ಬಂದ ಲೆಂಗ್ ವರದಿ ಅವರ ಹೆಸರನ್ನು ‘ಅಸಿಸ್ಟೆಂಟ್’ ಅಂತ ಬದಲಿಸಿ, ಇನ್ನೂ ಯಾರೂ ಪರೀಕ್ಷಿಸದ ಹೊಸ ರೋಗಿಗಳನ್ನು ಅವರ ಮುಂದೆ ಕೂರಿಸಬೇಡಿ ಅಂತ ಹೇಳಿತು. ನಮ್ಮಲ್ಲೂ ಫಿಸಿಷಿಯನ್ ಅಸಿಸ್ಟೆಂಟ್ ಕೋರ್ಸ್ ಇದೆ, 1992ರಲ್ಲಿ ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ಡಾ. ಕೆ.ಎಂ. ಚೆರಿಯನ್ ಶುರು ಮಾಡಿದ್ದು. ಪಿಯುಸಿ ಮುಗಿಸಿ ಸೀದಾ ಸೇರಬಹುದು. ಇವರನ್ನೂ ನರ್ಸ್ ಪ್ರಾಕ್ಟಿಷನರನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ನರ್ಸ್ ಪ್ರಾಕ್ಟಿಷನರ್ ಬೇರು ನರ್ಸಿಂಗ್‌ನಲ್ಲಿದೆ, ಆಸ್ಪತ್ರೆಯಲ್ಲಿ ಪಳಗಿ ಬಂದವರು ಅವರು.

ಇನ್ನು ‘ಡಾಕ್ಟರ್ ಬದಲು’ ಅನ್ನುವವರು ಒಂದು ರಾತ್ರಿ ನಮ್ಮ ಊರುಗಳ ನರ್ಸಿಂಗ್ ಹೋಮ್ ಸುತ್ತಿ ಬರಲಿ. ಎಷ್ಟು ಐಸಿಯುಗಳಲ್ಲಿ ನೈಟ್ ಡ್ಯೂಟಿಗೆ ಎಂಬಿಬಿಎಸ್ ಇರ್ತಾರೆ, ಎಷ್ಟು ಕಡೆ ಬಿಎಎಂಎಸ್, ಬಿಎಚ್‌ಎಂಎಸ್ ಮಾಡಿದವರನ್ನು ಕೂರಿಸಿರ್ತಾರೆ ಅನ್ನೋದು ಊರಿಗೇ ಗೊತ್ತಿರುವ ಗುಟ್ಟು. ಅವರನ್ನು ಹೀಯಾಳಿಸ್ತಿಲ್ಲ, ಅವರ ಕೈಕೆಳಗೇ ಕೆಲಸ ಕಲಿತ ನರ್ಸ್‌ಗಳೂ ಇದ್ದಾರೆ. ಆದರೆ ವೆಂಟಿಲೇಟರ್ ಬಗ್ಗೆ ಎರಡು ವರ್ಷ ರೆಸಿಡೆನ್ಸಿ ಮಾಡಿದವರಿಗೆ ಜಾಗ ಇಲ್ಲ, ಅದನ್ನು ಓದಿಲ್ಲದವರಿಗೆ ಜಾಗ ಇದೆ ಅಂದರೆ ಡಾಕ್ಟರ್‌ಗಳ ಸಂಘಗಳು ಯಾವುದನ್ನು ಕಾಯ್ತಿವೆ ಅನ್ನೋ ಪ್ರಶ್ನೆ ಬರುತ್ತೆ.

ನನ್ನ ಮಟ್ಟಿಗೆ ದಾರಿ ತೀರ ದೊಡ್ಡದೇನಲ್ಲ. ಔಷಧಿ ಬರೆಯುವ ಪೂರ್ತಿ ಹಕ್ಕು ಈಗಲೇ ಕೇಳೋದು ಬೇಡ, ಸಿಗಲ್ಲ, ಸಿಕ್ಕರೂ ನಾವಿನ್ನೂ ಅದಕ್ಕೆ ತಯಾರಿಲ್ಲ. ಮೊದಲು ಬೆಳಗಾವಿಯ ಬಿಮ್ಸ್‌ನಂಥ ಸರ್ಕಾರಿ ಬೋಧನಾ ಆಸ್ಪತ್ರೆಗಳ, ಜಿಲ್ಲಾ ಆಸ್ಪತ್ರೆಗಳ ಐಸಿಯುನಲ್ಲಿ ಪಾಳಿಗೆ ಒಬ್ಬರಂತೆ ನರ್ಸ್ ಪ್ರಾಕ್ಟಿಷನರ್ ಹುದ್ದೆ ನಿಯಮದಲ್ಲೇ ಬರಲಿ, ಹಿರಿಯ ಶುಶ್ರೂಷಾಧಿಕಾರಿಗೆ ಸಮನಾದ ಶ್ರೇಣಿಯಲ್ಲಿ. ಜೊತೆಗೆ ಹತ್ತೋ ಹನ್ನೆರಡೋ ಸ್ಟ್ಯಾಂಡಿಂಗ್ ಆರ್ಡರ್ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಹೊರಡಿಸಲಿ: ಅಟ್ರೋಪಿನ್ ಏರಿಸಿ ಇಳಿಸೋದು, ಅಲರ್ಜಿಗೆ ಅಡ್ರಿನಲಿನ್, ಶುಗರ್ ಇಳಿದಾಗ ಡೆಕ್ಸ್‌ಟ್ರೋಸ್, ಫಿಟ್ಸ್ ಬಂದಾಗ ಮೊದಲ ಔಷಧಿ, ವೆಂಟಿಲೇಟರ್‌ನಿಂದ ಬಿಡಿಸುವ ಪರೀಕ್ಷೆ. ವೆಂಟಿಲೇಟರ್ ರೋಗಿಗೆ ಒಬ್ಬ ನರ್ಸ್ ಅನ್ನೋ ಹಳೆಯ ನಿಯಮವನ್ನು ಮುರಿದು, ಈ ಪ್ರಾಕ್ಟಿಷನರನ್ನೇ ಮೂರು ಹಾಸಿಗೆ ನೋಡೋಕೆ ಹಚ್ಚಿದರೆ ಎಲ್ಲ ವ್ಯರ್ಥ. ಇವರು ಆ ಲೆಕ್ಕದಿಂದ ಹೊರಗಿರಬೇಕು. 2023ರಲ್ಲಿ 1947ರ ಹಳೆಯ ನರ್ಸಿಂಗ್ ಪರಿಷತ್ ಕಾಯಿದೆ ತೆಗೆದು ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯಿದೆ ತಂದಿದ್ದಾರೆ. ಹೊಸ ನಿಯಮಾವಳಿ ಬರೆಯುವಾಗ ಆ 24 ಗಂಟೆಯ ಸಹಿಯ ಮಾತನ್ನು ಪಠ್ಯಕ್ರಮದಿಂದ ಎತ್ತಿ ನಿಯಮದೊಳಗೆ ಇಡೋಕೆ ಇದೇ ಹೊತ್ತು. ಇದಕ್ಕೆ ಖರ್ಚು ಕಡಿಮೆ, ಮನಸ್ಸು ಬೇಕು ಅಷ್ಟೇ.

ಅಲ್ಲಿಯವರೆಗೆ, ಸೇರಬೇಕು ಅಂತ ಕೇಳುವವರಿಗೆ ನಾನು ಹೇಳೋದು ಇಷ್ಟು. ಫೀಸ್ ಕಟ್ಟೋ ಮೊದಲು ಕಾಲೇಜಿನ ಕಟ್ಟಡ ನೋಡಬೇಡಿ, ಅದರ ಆಸ್ಪತ್ರೆಯ ಐಸಿಯುಗೆ ರಾತ್ರಿ ಹೋಗಿ. ಈಗ ಓದ್ತಿರೋ ಎನ್‌ಪಿಸಿಸಿ ವಿದ್ಯಾರ್ಥಿ ಏನು ಮಾಡ್ತಿದ್ದಾರೆ ನೋಡಿ. ಎಬಿಜಿ ಹಿಡಿದು ಡಾಕ್ಟರ್ ಜೊತೆ ವಾದ ಮಾಡ್ತಿದ್ದರೆ ಸೇರಿ. ಸ್ಟಾಫ್ ಕಡಿಮೆ ಇದೆ ಅಂತ ಅವರಿಗೂ ನಾಲ್ಕು ಹಾಸಿಗೆ ಕೊಟ್ಟು ಬೆಡ್ ಮೇಕಿಂಗ್ ಮಾಡಿಸ್ತಿದ್ದರೆ ವಾಪಸ್ ಬನ್ನಿ. ಡಾಕ್ಟರ್ ಪ್ರಿಸೆಪ್ಟರ್ ಯಾರು ಅಂತ ಹೆಸರು ಕೇಳಿ, ಅವರನ್ನೇ ಹುಡುಕಿಕೊಂಡು ಹೋಗಿ ಮಾತಾಡಿಸಿ, ‘ನಂಗೆ ಇದ್ರ ಬಗ್ಗೆ ಗೊತ್ತೇ ಇಲ್ಲ’ ಅಂದರೆ ಅಲ್ಲಿಗೆ ತಿಳಿಯಿತು. ಆಸ್ಪತ್ರೆಯ ಸ್ಟ್ಯಾಂಡಿಂಗ್ ಆರ್ಡರ್ ಫೈಲ್ ತೋರಿಸಿ ಅಂತ ಕೇಳಿ. ಹಿಂದಿನ ಬ್ಯಾಚಿನವರು ಈಗ ಎಲ್ಲಿದ್ದಾರೆ, ಯಾವ ಹುದ್ದೆ ಹೆಸರಿನಲ್ಲಿ, ಎಷ್ಟು ಸಂಬಳಕ್ಕೆ ಅಂತ ಅವರಿಗೇ ಫೋನ್ ಮಾಡಿ ಕೇಳಿ, ಕಾಲೇಜಿನವರ ಬಾಯಿಂದ ಕೇಳಬೇಡಿ.